ದೀಪ ಹಚ್ಚುವ ಹೊತ್ತಿನ ಹಾಜರಿ

ವಡಗೇರಾ ಕಡೆಯ ಬೀಗರೊಬ್ಬರು ಹೋದ ತಿಂಗಳು ಒಂದು ಬುಟ್ಟಿ ಸೀತಾಫಲ ಕಳಿಸಿದ್ದರು. ಹಣ್ಣು ಎರಡೇ ದಿನಕ್ಕೆ ಖಾಲಿಯಾದವು. ಮನೆಯಲ್ಲಿ ಮರಿಮಕ್ಕಳಿದ್ದರೆ ಹಣ್ಣಿಗೆ ಅದಕ್ಕಿಂತ ಹೆಚ್ಚಿನ ಆಯುಷ್ಯವಿಲ್ಲ. ಬುಟ್ಟಿ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಉಳಿಯಿತು. ಹೊಸದಾಗಿ ಹೆಣೆದದ್ದು. ತೊಗರಿ ಕಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕಿ, ಹಸಿಯಿರುವಾಗಲೇ ಹೆಣೆದರೆ ಒಂದು ವಾಸನೆ ಬರುತ್ತದೆ. ಕೊಳೆತದ್ದಲ್ಲ, ಸೊಪ್ಪಿನದೂ ಅಲ್ಲ, ಒಗರು ಒಗರು... ಬುಟ್ಟಿ ಎತ್ತಿಡಲು ಹೋದವಳು ಅಲ್ಲೇ ಕೂತುಬಿಟ್ಟೆ. ಸೊಸೆ ಬಂದು, "ಅತ್ತೀ, ತಲಿ ತಿರುಗಾಕತ್ತದೇನ್ರಿ?" ಎಂದು ಕೇಳಿದಳು. ಇಲ್ಲವೆಂದೆ. ಬುಟ್ಟಿ ಕಾಕಾನ ನೆನಪಾಯಿತು ಎಂದರೆ ಅವಳಿಗೇನು ತಿಳಿಯಬೇಕು.

ಅವನು ನನಗೆ ಕಾಕಾ ಆಗಬೇಕಾದ ಸಂಬಂಧವೇನೂ ಇರಲಿಲ್ಲ. ವಯಸ್ಸಿನಲ್ಲಿ ದೊಡ್ಡವರು ಯಾರೇ ಇರಲಿ, ಯಾವ ಓಣಿಯವರೇ ಇರಲಿ, ಮಕ್ಕಳು ಕಾಕಾ, ಚಿಗವ್ವ ಎಂದೇ ಕರೆಯಬೇಕೆಂದು ಅವ್ವನ ಕಟ್ಟಪ್ಪಣೆ ಇತ್ತು. ಹಾಗೆ ಕರೆದದ್ದು ಅಷ್ಟೇ. ಕರೆದ ಕಾಕಾನಿಗೆ ನುಚ್ಚು ಹಾಕುವಾಗ ಅವ್ವನ ಕೈ ಮೇಲೆಯೇ ಇರುತ್ತಿತ್ತು, ಅವನ ತಾಟು ಕೆಳಗೆ. ಇದನ್ನು ಬರೆಯುವಾಗಲೂ ನಾಚಿಕೆ. ಆದರೆ ಇದು ಮುಂದೆ ಹೇಳಬೇಕಾದ ನಾಚಿಕೆಯ ಮುಂದೆ ಬಹಳ ಸಣ್ಣದು.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಒಳಕ್ಕೆ ಸರಿದು ಕೂತಿತ್ತು. ನಮ್ಮಪ್ಪ ಆ ಊರಿನ ಪೊಲೀಸ್ ಪಾಟೀಲ. ಹೊಲದ ಕಂದಾಯ ನೋಡುವ ಪಾಟೀಲ ಬೇರೆ ಇದ್ದರು. ಕಳವು, ಬಡಿದಾಟ, ಬಾವಿಗೆ ಬಿದ್ದ ಹೆಣ ಇವೆಲ್ಲ ಅಪ್ಪನ ಪಾಲು. ನಮ್ಮ ಮನೆಯ ಮುಂಭಾಗವೇ ಚಾವಡಿ. ಹೀಗಾಗಿ ಊರಿನ ಕೆಟ್ಟ ಸುದ್ದಿಗಳೆಲ್ಲ ಮೊದಲು ನಮ್ಮ ಅಂಗಳಕ್ಕೇ ಬರುತ್ತಿದ್ದವು. ಅಪ್ಪ ನ್ಯಾಯವಂತ ಎಂದು ಹೆಸರು. ಅವನೂ ಹಾಗೇ ನಂಬಿದ್ದ. ಮೀಸೆ ತಿರುವುತ್ತ ಕೂತರೆ ಸಾಕು, ಜಗಳ ಅರ್ಧ ಇಳಿಯುತ್ತಿತ್ತು. ನನ್ನ ಮೇಲೆ ಅವನಿಗೆ ಎಲ್ಲಿಲ್ಲದ ಅಕ್ಕರೆ. ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸಬಾರದೆಂದು ಸಂಬಂಧಿಕರೆಲ್ಲ ಹೇಳಿದಾಗ, "ನನ್ನ ಮಗಳ, ನನ್ನ ಖುಷಿ" ಎಂದು ಬಾಯಿ ಮುಚ್ಚಿಸಿದವನು. ಆ ಅಪ್ಪನ ಬಗ್ಗೆಯೇ ಈಗ ಬರೆಯಬೇಕಾಗಿದೆ.

ಬುಟ್ಟಿ ಕಾಕಾನ ಗುಡಿಸಲು ಊರ ಹೊರಗೆ, ಹಳ್ಳದ ಆಚೆ. ತೊಗರಿ ರಾಶಿಯಾದ ಮೇಲೆ ರೈತರು ಕಟ್ಟಿಗೆಯನ್ನು ಅವನಿಗೆ ಕೊಡುತ್ತಿದ್ದರು, ಅವನು ಬುಟ್ಟಿ, ಹೆಡಿಗೆ, ಕೋಳಿ ಮುಚ್ಚುವ ಪಂಜರ ಹೆಣೆದುಕೊಡುತ್ತಿದ್ದ. ಎತ್ತರದ ಆಳು, ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿಲ್ಲ. ಚೇಷ್ಟೆಯ ಮನುಷ್ಯ. ನಾನು ಹಲ್ಲು ಬಿದ್ದು ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದಾಗ, "ತಂಗೀ, ಬಾಯಾಗ ಕಿಟಕಿ ಇಟ್ಟೀಯೇನ, ಹೆಣದು ಮುಚ್ಚಿಕೊಡ್ಲೇನು?" ಎಂದು ಕಾಡಿದ್ದು ಇನ್ನೂ ಕಿವಿಯಲ್ಲಿದೆ. ಆದರೆ ಸಂಜೆ ಮುಂದ ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಸಂಜೆ ಮುಂದ ಅವನು ಹಾಜರಿ ಕೊಡಬೇಕಿತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗಿನ ಕಾಯಿದೆಯಲ್ಲಿ ಕೆಲವು ಕುಲಗಳಿಗೆ ಕುಲವೇ ಕಳ್ಳರದ್ದೆಂದು ಬರೆದಿಟ್ಟಿದ್ದರು. ಕದ್ದವನು ಕಳ್ಳ ಎನ್ನುವುದು ನಮ್ಮ ನಿಮ್ಮಂಥವರಿಗೆ. ಅವರಿಗೆ ಹುಟ್ಟಿದ್ದೇ ಗುನ್ಹೆ. ಗಡ್ಡ ಮೀಸೆ ಬಂದ ಗಂಡಸು ದಿನಾಲೂ ಪೊಲೀಸ್ ಪಾಟೀಲನಿಗೆ ಹಾಜರಿ ಕೊಡಬೇಕು, ಪರಊರಿನಲ್ಲಿ ಒಂದು ರಾತ್ರಿ ತಂಗಬೇಕೆಂದರೂ ಪರವಾನಗಿ ಕೇಳಬೇಕು. ಕಾಕಾ ಜೀವಮಾನದಲ್ಲಿ ಒಂದು ಕಡ್ಡಿ ಕದ್ದವನಲ್ಲ. ಅವನ ಅಪ್ಪನೂ ಕದ್ದವನಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ಅವನು ಹಳ್ಳ ದಾಟಿ ಬಂದು, ಚಾವಡಿಯ ಗೋಡೆಯ ಆಚೆ ನಿಂತು ಕೂಗುತ್ತಿದ್ದ.

"ಅದೀನ್ರೀ ಯಪ್ಪಾ..."

ಒಳಗಿನಿಂದ ಅಪ್ಪ "ಹ್ಞೂಂ" ಎನ್ನುತ್ತಿದ್ದ. ಮುಗಿಯಿತು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಬೇರೆ ಊರುಗಳಲ್ಲಿ ಬರೆದುಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಅಪ್ಪನ ಹ್ಞೂಂಕಾರವೇ ದಾಖಲೆ. ಕಾಕಾನ ದನಿ ದೊಡ್ಡದು, ಊರಿನ ಅರ್ಧಕ್ಕೆ ಕೇಳುತ್ತಿತ್ತು. ಹೆಂಗಸರು ಅದನ್ನು ಕೇಳಿಯೇ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಕಾಕಾ ಒದರಿದ ನೋಡ್ರಿ, ಇನ್ನಾ ದೀಪ ಇಲ್ಲ" ಎಂದು ಅವ್ವ ಅವಸರ ಮಾಡುತ್ತಿದ್ದಳು. ಒಬ್ಬ ಮನುಷ್ಯನ ಅವಮಾನ ನಮಗೆ ಗಡಿಯಾರವಾಗಿತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ನನಗಂತೂ ಅದು ಕೋಳಿ ಕೂಗಿದಷ್ಟೇ ಸಹಜವಾಗಿತ್ತು.

ರಜಾಕಾರರ ಹಾವಳಿ ಮುಗಿದು, ಫೌಜು ಬಂದುಹೋಗಿ, ನಿಜಾಮನ ಸೀಮೆ ಹಿಂದುಸ್ತಾನದಲ್ಲಿ ಸೇರಿ ಕೆಲವು ವರ್ಷಗಳಾಗಿದ್ದವು. ಊರಿಗೆ ಹೊಸದೊಂದು ಸಾಲಿ ಬಂದಿತ್ತು, ಅದಕ್ಕೊಬ್ಬ ಎಳೆಯ ಮಾಸ್ತರ ಬಂದಿದ್ದರು. ಸುರಪುರಕ್ಕೆ ಹೋದಾಗಲೆಲ್ಲ ಅವರು ಪೇಪರು ತರುತ್ತಿದ್ದರು, ಚಾವಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಆ ಕಾಯಿದೆ ರದ್ದಾಯಿತೆಂದು ಓದಿದರು. ಇನ್ನು ಮುಂದೆ ಹುಟ್ಟಿನಿಂದ ಯಾರೂ ಗುನ್ಹೇಗಾರರಲ್ಲ, ಹಾಜರಿ ಇಲ್ಲ. ಓದುವಾಗ ಅವರ ದನಿ ನಡುಗಿದ್ದು ನನಗೆ ನೆನಪಿದೆ. ಅಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡು ಕೇಳಿದ. ಆ ವರ್ಷಗಳಲ್ಲಿ ಅವನ ಕೈಯಿಂದ ಒಂದೊಂದಾಗಿ ಎಲ್ಲ ಜಾರುತ್ತಿತ್ತು. ಜಹಗೀರು ಹೋಗಿತ್ತು, ಕಚೇರಿಯಿಂದ ಉರ್ದು ಹೋಗುತ್ತಿತ್ತು, ಈಗ ಹಾಜರಿಯೂ ಹೋಯಿತು.

ಅವತ್ತೇ ಸಂಜೆ ಕಾಕಾ ಕೂಗಿದಾಗ ಅಪ್ಪ ಅವನನ್ನು ಒಳಗೆ ಕರೆದ.

"ನಾಳಿಂದ ನೀ ಬರೂದು ಬ್ಯಾಡ. ಸರಕಾರ ಹಾಜರಿ ಬಂದ್ ಮಾಡ್ಯದ."

ಕಾಕಾ ಕುಣಿದಾಡುತ್ತಾನೆಂದು ಮಾಸ್ತರರು ಎಣಿಸಿದ್ದರೋ ಏನೋ, ಅಲ್ಲೇ ನಗುತ್ತ ನಿಂತಿದ್ದರು. ಕಾಕಾ ಕುಣಿಯಲಿಲ್ಲ. "ಹಂಗಾದ್ರ ನಾಳಿ ಎಲ್ಲ್ಯರ ಕಳುವು ಆದ್ರ, ನಾ ಊರಾಗ ಇದ್ದೆ ಅಂತ ಯಾರು ಹೇಳ್ತಾರ್ರಿ ಯಪ್ಪಾ?" ಎಂದು ಕೇಳಿದ.

"ಇನ್ನ ಮ್ಯಾಲ ನೀನೇ ಹೇಳಬಹುದಪಾ. ನಿನ್ನ ಮಾತಿಗೂ ಕಿಮ್ಮತ್ತ ಅದ," ಎಂದರು ಮಾಸ್ತರರು.

ಕಾಕಾ ಅವರನ್ನು ನೋಡಿ ನಕ್ಕ. ಎಳೆ ಮಕ್ಕಳು ಚಂದ್ರನನ್ನು ಕೇಳಿದಾಗ ದೊಡ್ಡವರು ನಗುತ್ತಾರಲ್ಲ, ಆ ನಗು. ಅವನಿಗೆ ಗೊತ್ತಿದ್ದದ್ದು ಇಷ್ಟೇ. ಗೋಡೆಯಾಚೆ ನಿಂತು ಕೂಗುವುದು ಅವಮಾನ, ಖರೆ. ಆದರೆ ಆ ಹ್ಞೂಂಕಾರ ಇರುವತನಕ ಯಾರೂ ಅವನ ಮೇಲೆ ಕಳವು ಹೊರಿಸುವಂತಿರಲಿಲ್ಲ. ಸುತ್ತಲಿನ ಊರುಗಳಲ್ಲಿ ಕಳವಾದಾಗ ಶಹಾಪುರದ ಠಾಣೆಯವರು ಬರುತ್ತಿದ್ದರು, ಅಪ್ಪ "ಹಾಜರಿ ಅದ" ಎನ್ನುತ್ತಿದ್ದ, ಅವರು ಕುದುರೆ ತಿರುಗಿಸುತ್ತಿದ್ದರು. ಕಾಯಿದೆ ಮಾಡಿದವರಿಗೂ ರದ್ದು ಮಾಡಿದವರಿಗೂ ಈ ಒಳಸುಳಿ ಗೊತ್ತಿರಲಿಕ್ಕಿಲ್ಲ.

ಒಂದು ವಾರ ಕೂಗು ಕೇಳಲಿಲ್ಲ. ಸಂಜೆಗಳು ಭಣಭಣ ಎನಿಸಿದವು. ಅವ್ವ ಎರಡು ಸಲ ದೀಪ ಹಚ್ಚುವುದನ್ನು ಮರೆತಳು. ಆಮೇಲೆ ಒಂದು ಸಂಜೆ ಗೋಡೆಯಾಚೆಯಿಂದ ಮತ್ತೆ ದನಿ ಬಂತು. ಮೊದಲಿನಷ್ಟು ದೊಡ್ಡದಲ್ಲ, ಆದರೂ ನಮ್ಮ ಓಣಿಗೆಲ್ಲ ಕೇಳುವಂಥದ್ದು. ಅಪ್ಪ ಜೋಕಾಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಅಡಕತ್ತರಿ ನಿಂತಿತು. ಅವನು ಬೈದು ಕಳಿಸುತ್ತಾನೆಂದುಕೊಂಡೆ. ಬೈಯಲಿಲ್ಲ. "ಹ್ಞೂಂ" ಎಂದ. ಅವನ ಮುಖದಲ್ಲಿ ಸಣ್ಣ ಖುಷಿ ಇತ್ತು, ಕಳೆದ ಒಡವೆ ಸಿಕ್ಕಿದಂತೆ. ಮರುದಿನವೂ ಹಾಗೇ, ಅದರ ಮರುದಿನವೂ. ಒಬ್ಬನಿಗೆ ಸಾಕ್ಷಿ ಬೇಕಿತ್ತು, ಇನ್ನೊಬ್ಬನಿಗೆ ಪಾಟೀಲಕಿ ಬೇಕಿತ್ತು. ಇಬ್ಬರೂ ಬಾಯಿಬಿಟ್ಟು ಮಾತಾಡದೆಯೇ ಒಪ್ಪಂದ ಮಾಡಿಕೊಂಡರು.

ಮಳೆಗಾಲ ಕಳೆದ ಮೇಲೆ ಠಾಣೆಗೆ ಹೊಸ ಅಮೀನ ಬಂದ. ಫೌಜದಾರನನ್ನು ನಮ್ಮ ಕಡೆ ಆಗ ಅಮೀನ ಎನ್ನುತ್ತಿದ್ದರು. ಅವನು ಸುತ್ತಿನ ಪಾಟೀಲರನ್ನೆಲ್ಲ ಶಹಾಪುರಕ್ಕೆ ಕರೆಸಿ, ಇನ್ನೂ ಯಾರಾದರೂ ಹಾಜರಿ ತೆಗೆದುಕೊಳ್ಳುತ್ತಿರುವುದು ಗೊತ್ತಾದರೆ ಪಾಟೀಲಕಿ ಹೋಗುತ್ತದೆ, ಮೇಲೆ ಮುಕದ್ದಮೆಯೂ ಆಗುತ್ತದೆ ಎಂದು ತಾಕೀತು ಮಾಡಿದ. ಅಪ್ಪ ಮನೆಗೆ ಬಂದು ಇದನ್ನು ಅವ್ವನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಮತ್ತ ಅಂವಗ ಬ್ಯಾಡ ಅನ್ರಿ," ಎಂದಳು ಅವ್ವ. ಅಪ್ಪ, "ಅಂತೀನಿ" ಎಂದ. ಆದರೆ ಅನ್ನಲಿಲ್ಲ. ಆ ಸಂಜೆಯೂ ಕಾಕಾ ಕೂಗಿದ, ಆ ಸಂಜೆಯೂ ಅಪ್ಪ ಹ್ಞೂಂಗುಟ್ಟಿದ, ದನಿ ಮಾತ್ರ ಸ್ವಲ್ಪ ತಗ್ಗಿತ್ತು.

ತೊಗರಿ ರಾಶಿಯ ಕಾಲದಲ್ಲಿ, ನಮ್ಮಿಂದ ಎರಡು ಹರದಾರಿ ಆಚೆಯ ಊರಿನಲ್ಲಿ ಸಾವುಕಾರನೊಬ್ಬನ ಮನೆಯಲ್ಲಿ ಕಳವಾಯಿತು. ಮನೆಯವರೆಲ್ಲ ಸಂಜೆ ಸತ್ತವರೊಬ್ಬರ ಮಣ್ಣಿಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರೆ ದೇವರ ಕೋಣೆಯ ಬೆಳ್ಳಿ ಸಾಮಾನೆಲ್ಲ ಮಾಯ. ಕಳ್ಳ ಆಗತಾನೇ ಹಿತ್ತಲ ಗೋಡೆ ಹಾರಿ ಹೋದದ್ದನ್ನು ನೆರೆಯವರು ಹಿಂದಿನಿಂದ ನೋಡಿದ್ದರು. ಎತ್ತರದ ಆಳು ಎಂದಷ್ಟೇ ಹೇಳಿದರಂತೆ. ಮರುದಿನ ಬೆಳಿಗ್ಗೆ ಅಮೀನ ಇಬ್ಬರು ಜವಾನರೊಂದಿಗೆ ನೇರ ಹಳ್ಳದಾಚೆಯ ಗುಡಿಸಲಿಗೆ ಹೋದ. ಕಾಕಾ ಕಟ್ಟಿಗೆ ಸೀಳುತ್ತ ಕೂತಿದ್ದನಂತೆ. ಸೀಳುವ ಕುಡುಗೋಲನ್ನು ಜಪ್ತಿ ಮಾಡಿ, ಅವನ ರಟ್ಟೆ ಹಿಂದಕ್ಕೆ ಕಟ್ಟಿ, ನಮ್ಮ ಚಾವಡಿಗೆ ತಂದರು. ಊರೆಲ್ಲ ನೆರೆಯಿತು. ಅವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

ನನಗೆ ಮರೆಯಲಾಗದ್ದು ಕಾಕಾನ ಮುಖ. ಅವನು ಹೆದರಿರಲೇ ಇಲ್ಲ. ಕೈ ಕಟ್ಟಿದ್ದರೂ ಹಗುರಾಗಿ ನಿಂತಿದ್ದ. ಇಷ್ಟು ವರ್ಷ ಗೋಡೆಯಾಚೆ ನಿಂತು ಕೂಗಿದ್ದು ಈ ಒಂದು ಗಳಿಗೆಗಾಗಿಯೇ ಎನ್ನುವಂತೆ.

"ನಿನ್ನಿ ದೀಪ ಹಚ್ಚೂ ಹೊತ್ತಿನಾಗ ನಾ ಇಲ್ಲೇ ಇದ್ದೆನ್ರಿ ಸಾಹೇಬ್ರ. ಈ ಗ್ವಾಡಿ ಮಗ್ಗಲಕ್ಕ ನಿಂತು ಹಾಜರಿ ಕೊಟ್ಟೀನಿ. ಪಾಟೀಲಪ್ಪಾರ್ನ ಕೇಳ್ರಿ," ಎಂದ.

ಅಮೀನ ಅಪ್ಪನ ಕಡೆಗೆ ತಿರುಗಿದ. "ಹಾಜರಿ? ಕ್ಯಾ ಪಾಟೀಲಸಾಬ, ನೀವು ಇನ್ನಾ ಹಾಜರಿ ತಗೊಳ್ಳಾಕತ್ತೀರೇನು?"

ಹಿಂದಿನ ಸಂಜೆ ಕಾಕಾ ಕೂಗಿದ್ದ. ಅಪ್ಪ ಹ್ಞೂಂ ಎಂದಿದ್ದ. ಅವ್ವ ಅವನಿಗೆ ಉಳಿದ ನುಚ್ಚು, ಪುಂಡಿಪಲ್ಲೆ ಹಾಕಿ ಕಳಿಸಿದ್ದಳು. ಓಣಿಯ ಹೆಂಗಸರು ಆ ಕೂಗು ಕೇಳಿಯೇ ದೀಪ ಹಚ್ಚಿದ್ದರು. ಅಲ್ಲಿ ನೆರೆದವರಲ್ಲಿ ಅದನ್ನು ಕೇಳದವರು ಬೆರಳೆಣಿಕೆ. ಮಾಸ್ತರರು ಮಾತ್ರ ಖರೆ ಕೇಳಿರಲಿಲ್ಲ; ಅವರು ಸುರಪುರಕ್ಕೆ ಹೋಗಿ ಅವತ್ತೇ ಬೆಳಿಗ್ಗೆ ಬಂದಿದ್ದರು.

ಅಪ್ಪ ಮೀಸೆ ಮುಟ್ಟಿಕೊಂಡ. "ಇಲ್ಲ ಸಾಹೇಬ್ರ. ಸರಕಾರ ಬಂದ್ ಮಾಡಿದ ಮ್ಯಾಲ ನಾ ಯಾಕ ತಗೊಳ್ಳಲಿ?"

"ನಿನ್ನಿ ಸಂಜಿಕಿ ಇವನ್ನ ನೋಡೀರೇನು?"

"ನೋಡಿಲ್ಲ."

ಕಾಕಾ ಅಪ್ಪನನ್ನು ನೋಡಿದ. ಆಮೇಲೆ ನೆರೆದ ಮಂದಿಯ ಮೇಲೆ ಕಣ್ಣು ಹಾಯಿಸಿದ. ಒಬ್ಬೊಬ್ಬರ ಮುಖದ ಮೇಲೂ ಅವನ ಕಣ್ಣು ನಿಂತು ಮುಂದೆ ಹೋಯಿತು, ಒಬ್ಬೊಬ್ಬರೂ ತಲೆ ಕೆಳಗೆ ಹಾಕಿದರು. ಪಾಟೀಲನೇ ಇಲ್ಲವೆಂದ ಮೇಲೆ ಹೌದೆನ್ನುವ ಗಂಡು ನಮ್ಮ ಊರಿನಲ್ಲಿ ಹುಟ್ಟಿರಲಿಲ್ಲ. ಮಾಸ್ತರರೊಬ್ಬರೇ ಮುಂದೆ ಬಂದು, "ಸಾಹೇಬ್ರ, ಸಾಬೀತಾಗೂತನಕ ಯಾರೂ ಗುನ್ಹೇಗಾರ ಅಲ್ರಿ. ಆ ಕಾಯ್ದಿ ಹೋಗ್ಯದ," ಎಂದರು. ಅಮೀನ ಅವರ ಹೆಗಲು ತಟ್ಟಿ, "ಮಾಸ್ತರ, ನೀವು ಮಗ್ಗಿ ಕಲಸ್ರಿ," ಎಂದ. ಮಂದಿ ನಕ್ಕರು. ಆ ನಗುವಿನಲ್ಲಿ ಎಲ್ಲರಿಗೂ ಹಗುರಾಯಿತೆಂದು ಕಾಣುತ್ತದೆ.

ಕರೆದುಕೊಂಡು ಹೋಗುವಾಗ ಕಾಕಾ ತಿರುಗಿ ನೋಡದೆ ನಡೆದ. ಬೈದಿದ್ದರೆ ಚಲೋ ಇತ್ತು.

ಒಳಗೆ ಬಂದ ಅಪ್ಪನಿಗೆ ಅವ್ವ, "ಅಂವ ಬಂದಿದ್ದನಲ್ರಿ" ಎಂದಳು. ಅವ್ವ ಅಪ್ಪನಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಬಂದಿದ್ದ. ನಾ ಕಣ್ಣಿಲೆ ನೋಡಿಲ್ಲ," ಎಂದ ಅಪ್ಪ. ನಡುವೆ ಗೋಡೆ ಇತ್ತಲ್ಲ. ನೋಡಿರಲಿಲ್ಲ, ಕೇಳಿದ್ದ ಅಷ್ಟೇ. ನ್ಯಾಯವಂತನೆಂದು ಹೆಸರಾದವನು ಆ ಗೋಡೆಯ ಮರೆಯಲ್ಲಿ ಅಡಗಿ ಕೂತ. ಸುಳ್ಳು ಹೇಳಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲು ಅಷ್ಟು ಸಾಕಾಯಿತು. ಕಾಕಾನನ್ನು ಕಳ್ಳನ ಕುಲದವನೆನ್ನದ ಹೊಸ ಕಾಯಿದೆಯೇ ಅವನನ್ನು ಉಳಿಸಬೇಕಾಗಿತ್ತು. ಅಪ್ಪ ಅದನ್ನೇ ಅಡ್ಡ ಹಿಡಿದು ತನ್ನನ್ನು ಉಳಿಸಿಕೊಂಡ.

ಅವ್ವ ಅಂದು ರೊಟ್ಟಿ, ಪಲ್ಲೆ ಬುತ್ತಿ ಕಟ್ಟಿ ಹಳ್ಳದಾಚೆಗೆ ಕಳಿಸಿದಳು. ಕಾಕಾನ ಹೆಂಡತಿ ಅದನ್ನು ಬಿಚ್ಚಲೂ ಇಲ್ಲ. ಗಂಟು ಹಾಗೇ ತಿರುಗಿ ಬಂತು. ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ನಮ್ಮ ಮನೆಯ ಅನ್ನವನ್ನು ಒಲ್ಲೆನೆಂದವರು ಆ ಊರಿನಲ್ಲಿ ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಕಾಕಾನನ್ನು ಠಾಣೆಯಲ್ಲಿ ಎಷ್ಟು ದಿನ ಇಟ್ಟರೋ ನನಗೆ ಲೆಕ್ಕವಿಲ್ಲ. ಯುಗಾದಿ ಹೋಯಿತು, ಬಿಸಿಲು ಏರಿತು. ಕಚೇರಿಗೆ, ಮುನಸೀಫರ ಮುಂದೆ, ನಿಲ್ಲಿಸಿದರೋ ಇಲ್ಲವೋ ಅದೂ ತಿಳಿಯದು. ಮಾಸ್ತರರು ಎರಡು ಸಲ ಶಹಾಪುರಕ್ಕೆ ಹೋಗಿ ಬಂದರು, ಒಳಗೆ ಬಿಡಲಿಲ್ಲವಂತೆ. ಒಬ್ಬ ವಕೀಲರನ್ನು ಕಂಡರಂತೆ. ವಕೀಲರು ಒಂದೇ ಮಾತು ಕೇಳಿದರಂತೆ. ಆ ಹೊತ್ತಿಗೆ ಅವನು ಊರಲ್ಲಿದ್ದ ಎನ್ನುವ ಒಬ್ಬ ಮನುಷ್ಯನನ್ನು ಕರೆದುಕೊಂಡು ಬನ್ನಿ, ಮುಂದಿನದು ನನಗೆ ಬಿಡಿ. ಮಾಸ್ತರರು ಮನೆ ಮನೆ ತಿರುಗಿದರು. ಕೆಲವರು ಕಿವಿ ಮಂದ ಎಂದರು, ಕೆಲವರು ಹೊಲದಲ್ಲಿದ್ದೆವು ಎಂದರು. ನಮ್ಮ ಮನೆಯ ಹೊಸ್ತಿಲಿಗೆ ಬಂದಾಗ ಅಪ್ಪ ಹೊರಗೆ ಹೋಗಿದ್ದ. ಅವ್ವ ಒಳಗಿನಿಂದಲೇ, "ಹೆಣಮಕ್ಕಳ ಸಾಕ್ಷಿ ನಡೀತದೇನ್ರಿ ಮಾಸ್ತರ?" ಎಂದು ಕೇಳಿದಳು. ನಡೆಯುತ್ತದೆ ಎಂದರು ಅವರು. ಅವ್ವ ಅತ್ತಳು. ಆಮೇಲೆ, "ನಾ ಅವರ ಹೇಣ್ತಿ ಅದೀನ್ರಿ" ಎಂದು ಬಾಗಿಲು ಮುಂದೆ ಮಾಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಆ ದಿನಗಳಲ್ಲಿ ಹುಳ್ಳುಳ್ಳಗಿದ್ದದ್ದು ಲಾಕಪ್ಪಿನಲ್ಲಿದ್ದವನಲ್ಲ, ನಾವು.

ಕೊನೆಗೆ ನಿಜವಾದ ಕಳ್ಳ ಸಿಕ್ಕಿದ. ಸಾವುಕಾರನ ಸ್ವಂತ ಭಾವಮೈದುನ. ಬೆಳ್ಳಿ ಸಾಮಾನನ್ನು ಮಾರಲು ಹೋಗಿ ಅಕ್ಕಸಾಲಿಗನ ಅಂಗಡಿಯಲ್ಲಿ ಸಿಕ್ಕಿಬಿದ್ದ. ಮನೆಯ ಮಾತು ಮನೆಯಲ್ಲೇ ಇರಲೆಂದು ಸಾವುಕಾರ ಕೇಳಿಕೊಂಡನಂತೆ, ಪ್ರಕರಣ ಅಲ್ಲಿಗೇ ಮುಚ್ಚಿತು. ಎತ್ತರದ ಆಳು ಅವನೂ ಇದ್ದ. ಅವನ ರಟ್ಟೆಯನ್ನು ಯಾರೂ ಕಟ್ಟಲಿಲ್ಲ.

ಕಾಕಾ ನಡೆದುಕೊಂಡೇ ಊರಿಗೆ ಬಂದ. ಅವತ್ತು ಸಂಜೆ ಇಡೀ ಓಣಿ ಕಿವಿ ನಿಮಿರಿಸಿ ಕೂತಿತ್ತು. ಕೂಗು ಬರಲಿಲ್ಲ. ಅಪ್ಪ ಜೋಕಾಲಿಯಲ್ಲಿ ಕೂತವನು ಎದ್ದ, ಮತ್ತೆ ಕೂತ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಹೊತ್ತು ಇಳಿಯುತ್ತಿದ್ದಂತೆ ಅಪ್ಪ ರುಮಾಲು ಸುತ್ತಿಕೊಂಡು, "ಬಾ" ಎಂದು ನನ್ನ ಕೈ ಹಿಡಿದ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲವೆಂದು ಈಗ ತಿಳಿಯುತ್ತದೆ. ಹಳ್ಳ ದಾಟಿದೆವು. ಪಾಟೀಲ ಆ ಗುಡಿಸಲಿನ ಮುಂದೆ ನಿಂತದ್ದು ಅದೇ ಮೊದಲು.

ಕಾಕಾ ಹೊರಗೇ ಕೂತಿದ್ದ. ಸುತ್ತಲೂ ನೆನೆಹಾಕಿದ ಕಟ್ಟಿಗೆ, ಅದರ ಒಗರು ವಾಸನೆ. ಹೆಣೆಯುತ್ತಿದ್ದವಳು ಅವನ ಹೆಂಡತಿ. ಅವನು ಸುಮ್ಮನೆ ಕೂತಿದ್ದ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಬೆರಳುಗಳು ಊದಿ ಅಡ್ಡಾದಿಡ್ಡಿಯಾಗಿದ್ದವು, ಮಡಚಲು ಬರುತ್ತಿರಲಿಲ್ಲ. ನನ್ನ ಬಾಯಿಗೆ ಕಿಟಕಿ ಹೆಣೆದು ಕೊಡುತ್ತೇನೆಂದು ನಗಿಸಿದ ಬೆರಳುಗಳು. ನಾನು ಅಪ್ಪನ ಹಿಂದೆ ಸರಿದೆ.

ಅಪ್ಪ ತಪ್ಪಾಯಿತೆನ್ನುತ್ತಾನೆಂದು ನನಗೆ ಅನಿಸಿತ್ತು. ಅವನಿಗೆ ಆ ಮಾತು ಬರಲಿಲ್ಲ, ಅದನ್ನು ಆಡಿ ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ನಾಳಿಂದ ಬಾ. ಮೊದಲಿನಂಗ ಕೂಗು. ನಾ ಹ್ಞೂಂ ಅಂತೀನಿ. ಯಾರು ಬಂದು ಕೇಳಿದ್ರೂ ಹೇಳ್ತೀನಿ," ಎಂದ. ತನ್ನ ಹತ್ತಿರ ಇದ್ದದ್ದರಲ್ಲೇ ದೊಡ್ಡದನ್ನು ಕೊಡುತ್ತಿದ್ದೇನೆಂದು ಅವನಿಗೆ ಅನಿಸಿತ್ತು. ಕೈ ಮುರಿಸಿಕೊಂಡು ಬಂದವನಿಗೆ ಅಪ್ಪ ಕೊಡಲು ಹೋದದ್ದು ಮತ್ತೆ ಅದೇ ಹಾಜರಿಯನ್ನು.

ಕಾಕಾನ ಹೆಂಡತಿಯ ಕೈ ನಿಂತಿತ್ತು.

"ಬ್ಯಾಡ್ರಿ ಯಪ್ಪಾ," ಎಂದ ಕಾಕಾ. "ನಾ ಎಲ್ಲಿ ಅದೀನಿ ಅನ್ನೂದು ನನಗ ಗೊತ್ತದ. ಅಷ್ಟ ಸಾಕು."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಆಮೇಲೆ ನನ್ನನ್ನು ನೋಡಿ, "ತಂಗೀ, ಹಲ್ಲು ಬಂದಾವಲ್ಲ" ಎಂದ. ತಿರುಗಿ ಬರುವಾಗ ಅಪ್ಪ ಹಳ್ಳದಲ್ಲಿ ಕಾಲು ತೊಳೆಯಲು ಕೂತವನು ಎದ್ದೇಳುವುದನ್ನೇ ಮರೆತ. ನಾನು ದಂಡೆಯ ಮೇಲೆ ನಿಂತು ಕಾಯ್ದೆ.

ಹುಣ್ಣಿಮೆಯೊಳಗೆ ಗುಡಿಸಲು ಖಾಲಿಯಾಯಿತು. ಪರವಾನಗಿ ಕೇಳಲು ಯಾರೂ ಬರಲಿಲ್ಲ. ಯಾದಗಿರಿ ಸ್ಟೇಷನ್ನಿನ ಹೊರಗೆ ಅವನ ಹೆಂಡತಿ ಕಸಬರಿಗೆ ಮಾರುತ್ತಿದ್ದುದನ್ನು ಕಂಡೆವೆಂದು ಯಾರೋ ಹೇಳಿದರು, ಪಕ್ಕದಲ್ಲಿ ಅವನು ಕೂತಿದ್ದನಂತೆ. ಆಮೇಲೆ ಅದೂ ಇಲ್ಲ... ಮಾಸ್ತರರು ವರ್ಗ ಮಾಡಿಸಿಕೊಂಡು ಹೋದರು. ಅಪ್ಪನ ಪಾಟೀಲಕಿಯೂ ಕೆಲವು ವರ್ಷಗಳಲ್ಲಿ ಹೋಯಿತು, ಸರಕಾರ ಎಲ್ಲರದನ್ನೂ ತೆಗೆಯಿತು. ಯಾವುದನ್ನು ಉಳಿಸಿಕೊಳ್ಳಲು ಅಷ್ಟು ಮಾಡಿದನೋ ಅದು ಹೇಗೂ ಹೋಗುವುದೇ ಆಗಿತ್ತು. ಮುಪ್ಪಿನಲ್ಲಿ ಸಂಜೆ ಮುಂದ ಅವನು ಹೊರಗೆ ಕೂಡುತ್ತಿರಲಿಲ್ಲ, ಒಳಗಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನಾನು ಅಪ್ಪನನ್ನು ಪ್ರೀತಿಸುವುದನ್ನು ಬಿಡಲಿಲ್ಲ, ಅವನಿಗಾಗಿ ನಾಚುವುದನ್ನೂ ಬಿಡಲಾಗಲಿಲ್ಲ. ಇವೆರಡೂ ಒಂದೇ ಎದೆಯಲ್ಲಿ ಹೇಗಿರುತ್ತವೆಂದು ಕೇಳಿದರೆ ಹೇಳಲು ಬಾರದು, ಇರುತ್ತವೆ.

ಆ ಸೀತಾಫಲ ಬಂದ ಮರುವಾರವೇ ಊರಿನಿಂದ ಕರೆ ಬಂತು. ಅಪ್ಪನ ಹೆಸರಿನಲ್ಲಿ ಒಂದು ವಾಚನಾಲಯ ಕಟ್ಟಿಸಿದ್ದಾರೆ, ಉದ್ಘಾಟನೆಗೆ ನಾನು ಬರಲೇಬೇಕು, ಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ. ಹೋದೆ. ಪೆಂಡಾಲು, ಮೈಕು, ಅಪ್ಪನ ದೊಡ್ಡ ಫೋಟೊ. ನನ್ನ ತಮ್ಮನ ಮೊಮ್ಮಗ ಈಗ ಯಾದಗಿರಿಯಲ್ಲಿ ವಕೀಲ. ಚಂದ ಮಾತಾಡುತ್ತಾನೆ. ಅವನು ಎದ್ದು, ನಮ್ಮ ಮುತ್ಯಾ ಎಂಥವರೆಂದರೆ, ಕಳ್ಳನೆಂದು ಪೊಲೀಸರು ಹಿಡಿದೊಯ್ದ ಒಬ್ಬ ಬಡ ಬುಟ್ಟಿ ಹೆಣೆಯುವವನನ್ನು ಠಾಣೆಯಿಂದ ಬಿಡಿಸಿಕೊಂಡು ಬಂದರು, ಅವನ ಗುಡಿಸಲಿಗೇ ನಡೆದು ಹೋಗಿ ಸಮಾಧಾನ ಹೇಳಿದರು, ಆ ಕಾಲದಲ್ಲೇ ಮನುಷ್ಯನ ಹಕ್ಕು ಏನೆಂದು ತಿಳಿದವರು ಎಂದ. ಮಂದಿ ಚಪ್ಪಾಳೆ ತಟ್ಟಿದರು. ಹುಡುಗ ಸುಳ್ಳು ಹೇಳಲಿಲ್ಲ. ಮನೆಯಲ್ಲಿ ಅವನಿಗೆ ಹಾಗೆಯೇ ಹೇಳಿಕೊಟ್ಟಿದ್ದಾರೆ. ಗುಡಿಸಲಿಗೆ ಹೋದದ್ದು ಉಳಿದಿದೆ, ಯಾಕೆ ಹೋದದ್ದೆನ್ನುವುದು ಕಳಚಿ ಬಿದ್ದಿದೆ.

ನಾನು ಮೈಕು ಕೇಳಿದೆ. ಆಯಿ ಅಪ್ಪನ ನೆನಪು ಹೇಳುತ್ತಾರೆಂದು ಇಬ್ಬರು ಹಿಡಿದು ನಿಲ್ಲಿಸಿದರು.

"ಆ ಕಳುವು ಆದ ಸಂಜಿಕಿ ಅಂವ ಊರಾಗೇ ಇದ್ದ," ಎಂದೆ. "ದೀಪ ಹಚ್ಚೂ ಹೊತ್ತಿನಾಗ ನಮ್ಮ ಗ್ವಾಡಿ ಆಚಿಗಿ ನಿಂತು ಕೂಗ್ಯಾನ. ನಾ ಕೇಳೀನಿ. ನಮ್ಮಪ್ಪನೂ ಕೇಳ್ಯಾನ. ಕೇಳಿ, ಅಮೀನನ ಮುಂದ ಇಲ್ಲ ಅಂದಾನ. ಊರೂ ಸುಮ್ಮನ ಕುಂತದ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಮುದುಕಿ ಮಾತು ಮುಗಿಸಿದಳು, ತಟ್ಟಬೇಕು ಎಂದುಕೊಂಡಿರಬೇಕು. ಉಳಿದವರೂ ತಟ್ಟಿದರು. ವಕೀಲ ಮೊಮ್ಮಗ ಮಾತ್ರ ತಟ್ಟಲಿಲ್ಲ, ನನ್ನನ್ನೇ ನೋಡುತ್ತಿದ್ದ. "ಅವರ ಮಂದಿ ಯಾರರ ಇಲ್ಲಿ ಬಂದಾರೇನ್ರಿ?" ಎಂದು ನಾನು ಕೇಳಿದೆ. ಯಾರ ಮಂದಿ ಎಂದು ಒಬ್ಬರನ್ನೊಬ್ಬರು ಕೇಳಿದರು. ಹೇಳೋಣವೆಂದರೆ ಕಾಕಾನ ಹೆಸರು ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಬಂದು ನನಗೆ ಶಾಲು ಹೊದಿಸಿದರು. ಫೋಟೊದವನು, "ಆಯಿ, ಇಕಡಿ ನೋಡ್ರಿ," ಎಂದ.

ಆ ಮಾತು ಯಾರ ಕಿವಿಗೆ ಬೀಳಬೇಕಾಗಿತ್ತೋ ಅವನು ಯಾವ ಊರಿನಲ್ಲಿ ಮಣ್ಣಾದನೋ, ಅವನ ಕೈ ಕೊನೆಗೂ ಮಡಚಲು ಬಂತೋ ಇಲ್ಲವೋ... ಎಪ್ಪತ್ತು ವರ್ಷದ ಮೇಲೆ ಅವನ ಪರವಾಗಿ ಒಬ್ಬ ಸಾಕ್ಷಿ ಎದ್ದು ನಿಂತಳು, ಅದಕ್ಕೆ ಊರು ಅವಳಿಗೆ ಸನ್ಮಾನ ಮಾಡಿ ಕಳಿಸಿತು. ಶಾಲು ಕಪಾಟಿನಲ್ಲಿದೆ. ಹೊದೆಯಲು ಮನಸ್ಸಾಗುವುದಿಲ್ಲ. ಕೊಡೋಣವೆಂದರೆ ಅವನ ಕಡೆಯವರೆಂದು ಒಬ್ಬರೂ ನನಗೆ ಗೊತ್ತಿಲ್ಲ.